‘ಶಾಂಪೂಯಿಂಗ್ ಸರ್ಜನ್’: ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಬ್ರೈಟನ್ ಕಡಲತೀರದಲ್ಲಿ ಈಗ ಕ್ವೀನ್ಸ್ ಹೋಟೆಲ್ ಇರುವ ಕಡೆ ಹಿಂದೆ ಹೆಸರಾಂತ ಸ್ನಾನದ ಮನೆಯೊಂದಿತ್ತು. ಅದನ್ನು ನಡೆಸಿದವರು 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಮತ್ತು ಅವರ ಐರಿಶ್ ಹೆಂಡತಿ ಜೇನ್. ಅದಕ್ಕೂ ಮೊದಲು, 1810ರಲ್ಲಿ, ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದು ದಿವಾಳಿಯಾಗಿದ್ದರು. ಅವರ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳು ಸಿಗದೆ ಬರಹ ನಿಂತಿದೆ.

ಮೊದಲನೆಯದು ‘ಶಾಂಪೂ’. ನಾಲ್ಕನೇ ಜಾರ್ಜ್ ಮತ್ತು ನಾಲ್ಕನೇ ವಿಲಿಯಂ ದೊರೆಗಳಿಗೆ ಮಹಮ್ಮದರು ‘ಶಾಂಪೂಯಿಂಗ್ ಸರ್ಜನ್’ ಆಗಿದ್ದರು. ಹಾಗೇ ಬರೆದರೆ ಓದುವವರಿಗೆ ತಲೆಗೂದಲು, ನೊರೆ ನೆನಪಾಗುತ್ತದೆ, ಅಲ್ವಾ? ಆದರೆ ಈ ಪದ ಹಿಂದಿಯ ‘ಚಾಂಪ್ನಾ’ದಿಂದ ಬಂದದ್ದು. ಅಂದರೆ ಒತ್ತು, ಅಮುಕು. ಕೂದಲು ತೊಳೆಯುವ ಅರ್ಥ ಬಂದದ್ದು 1860ರ ಸುಮಾರಿಗೆ. ಮಹಮ್ಮದರು ತೀರಿಕೊಂಡದ್ದು 1851ರಲ್ಲಿ.

ಅವರ ಸ್ನಾನದ ಮನೆಯಲ್ಲಿ ಮೊದಲು ಗಿಡಮೂಲಿಕೆ ಹಾಕಿದ ಹಬೆಯಲ್ಲಿ ಕೂರಿಸುತ್ತಿದ್ದರು. ಮೈ ಚೆನ್ನಾಗಿ ಬೆವರಬೇಕು. ಸುತ್ತ ಫ್ಲ್ಯಾನೆಲ್ ಬಟ್ಟೆಯ ಗುಡಾರ, ಅದಕ್ಕೆ ತೋಳುಗಳು. ಒತ್ತುವವರು ಹೊರಗೇ ನಿಂತು ಆ ತೋಳುಗಳಲ್ಲಿ ಕೈ ತೂರಿಸಿ ಮೈಯನ್ನು ಒತ್ತುತ್ತಿದ್ದರು. ಕೀಲುನೋವು, ವಾತದವರು ಇದಕ್ಕಾಗಿಯೇ ಬರುತ್ತಿದ್ದರು. ಓದಿದಾಗ ನನಗೆ ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯರ ಕೈ ನೆನಪಾಯಿತು.

‘ಅಭ್ಯಂಜನ’ ಅಂದರೆ ಹಬ್ಬದ ಎಣ್ಣೆಸ್ನಾನ ಅನ್ನಿಸುತ್ತದೆ. ‘ಮಾಲೀಸು’ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ತಿಕ್ಕುವುದೇ ಜಾಸ್ತಿ. ‘ನೀವು’ ನನಗೆ ತುಂಬ ಇಷ್ಟದ ಕ್ರಿಯಾಪದ. ಬೆನ್ನು ನೀವುವುದು ಎನ್ನುವಾಗಿನ ಅಕ್ಕರೆ ಬೇರೆ ಪದಕ್ಕಿಲ್ಲ. ಆದರೆ ಇಲ್ಲಿಗೆ ಅದು ತೀರಾ ಮೃದು. ಕೊನೆಗೆ ‘ಒತ್ತು’ ಉಳಿಯಿತು. ಕಾಲು ಒತ್ತು, ತಲೆ ಒತ್ತು ಎಂದು ದಿನವೂ ಅನ್ನುತ್ತೇವೆ. ಮೂಲದ ಅರ್ಥವೂ ಅದೇ. ಹಾಗಾಗಿ ‘ಮೈ ಒತ್ತುವ ವೈದ್ಯ’ ಎಂದು ಬರೆದಿದ್ದೇನೆ. ‘ವೈದ್ಯ’ ಸರಿಯೋ, ‘ಪಂಡಿತ’ ಮೇಲೋ?

ಇನ್ನೊಂದು, ಆ ಕಟ್ಟಡಕ್ಕೆ ಹೆಸರು. ‘ಬಚ್ಚಲುಮನೆ’ ನಮ್ಮ ಮನೆಯೊಳಗಿನದು. ಹಂಪಿಯ ರಾಣಿಯರ ಸ್ನಾನಗೃಹದಿಂದ ‘ಸ್ನಾನಗೃಹ’ಕ್ಕೆ ಸ್ವಲ್ಪ ಗತ್ತು ಇದೆ, ಆದರೆ ಊರವರೆಲ್ಲ ದುಡ್ಡು ಕೊಟ್ಟು ಬರುವ ಜಾಗ ಅನ್ನಿಸುವುದಿಲ್ಲ. ‘ಮೀಯುವ ಮನೆ’ ಅಂದರೆ ಹೇಗೆ? ಕರಾವಳಿಯವರು ಈಗಲೂ ‘ಮೀಯುವುದು’ ಅನ್ನುತ್ತಾರೆ. ನಿಮ್ಮ ಕಡೆ ಬೇರೆ ಪದ ಇದ್ದರೆ, ಹಿರಿಯರು ಅದನ್ನು ಹೇಗೆ ಬಳಸುತ್ತಾರೆ ಎನ್ನುವುದನ್ನೂ ಸೇರಿಸಿ ಬರೆಯಿರಿ.