ಓದುಗರ ಸ್ಪಂದನ: ಸಹಿಗೆ ಮೊದಲು ಮೂಲವೇತನ ನೋಡಿ

ದುಬೈನ ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ತೀರ್ಥಹಳ್ಳಿ ಕಡೆಯ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತೊಳಲಾಟ ಬರೆದುಕೊಂಡಿದ್ದರು. ಎರಡೆರಡು ವರ್ಷದ ಮೂರನೇ ಕರಾರು ಮುಗಿಯುತ್ತ ಬಂದಿದೆ. ತಿಂಗಳಿಗೆ ಒಟ್ಟು 7,000 ದಿರ್ಹಾಮ್, ಅದರಲ್ಲಿ ಮೂಲವೇತನ 2,800. ನವೀಕರಣದ ಕಾಗದದಲ್ಲೂ ಸಂಬಳ ಅಷ್ಟೇ ಇದೆ. ಪಕ್ಕದ ತರಗತಿಯಲ್ಲಿ ಅದೇ ಪಾಠ ಮಾಡುವ ಬ್ರಿಟಿಷ್ ಶಿಕ್ಷಕಿಗೆ ಸಂಬಳವೂ ಹೆಚ್ಚು, ಮನೆಯೂ ಶಾಲೆಯದೇ. ಇತ್ತ ಊರಲ್ಲಿ ಅಪ್ಪಯ್ಯ ಒಬ್ಬರೇ, ಅಡಕೆ ತೋಟಕ್ಕೆ ಎಲೆಚುಕ್ಕೆ ರೋಗ. “ಹೆಚ್ಚು ಕೇಳಿದರೆ ಇರುವ ಕೆಲಸವೂ ಹೋದೀತೇ? ಸುಮ್ಮನೆ ಸಹಿ ಹಾಕಲೇ, ಊರಿಗೆ ಬಂದುಬಿಡಲೇ?” ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ 2,800ರ ಮೇಲೆ. ದುಬೈ, ಶಾರ್ಜಾದ ಶಾಲೆಗಳ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲ ದುಡಿದು ಈಗ ಊರಿಗೆ ಮರಳಿರುವವನು ನಾನು. ಅಲ್ಲಿಯ ಸಂಬಳದ ಚೀಟಿಯಲ್ಲಿ ಮೊದಲು ಮೂಲವೇತನ, ಆಮೇಲೆ ಮನೆಬಾಡಿಗೆ ಭತ್ಯೆ, ಓಡಾಟದ ಭತ್ಯೆ, ‘ಇತರೆ’ ಎಂದು ಸಾಲುಗಳಿರುತ್ತವೆ. ಬಹಳ ಜನ ಶಿಕ್ಷಕರು ಕೆಳಗಿನ ಮೊತ್ತವನ್ನಷ್ಟೇ ನೋಡಿ ಚೀಟಿ ಮಡಚಿಡುತ್ತಾರೆ. ಕೆಲಸ ಬಿಡುವಾಗ ಕೈಗೆ ಬರುವ ಗ್ರಾಚ್ಯುಟಿಗೆ ಮಾತ್ರ ಮೊದಲನೇ ಸಾಲೊಂದೇ ಲೆಕ್ಕ.

ಯುಎಇಯಲ್ಲಿ 2021ರಲ್ಲಿ ಹೊಸ ಕಾರ್ಮಿಕ ಕಾನೂನು ಬಂತು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರಂತೆ ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ನಿಮಗೆ ಆರು ವರ್ಷ ತುಂಬಿದರೆ 105 ದಿನಕ್ಕೆ 30 ಸೇರಿ 135 ದಿನ. 2,800ನ್ನು 30ರಿಂದ ಭಾಗಿಸಿ 135ರಿಂದ ಗುಣಿಸಿ, 12,600 ದಿರ್ಹಾಮ್ ಬರುತ್ತದೆ. ಅದೇ 7,000ದೊಳಗೆ ಮೂಲವೇತನ 4,200 ಇದ್ದಿದ್ದರೆ 18,900 ಬರುತ್ತಿತ್ತು. ಅಂತರ 6,300 ದಿರ್ಹಾಮ್, ನಮ್ಮ ರೂಪಾಯಿಯಲ್ಲಿ ಒಂದೂಕಾಲು ಲಕ್ಷಕ್ಕೂ ಮೇಲೆ. ತಿಂಗಳ ಸಂಬಳದಲ್ಲಿ ಒಂದು ದಿರ್ಹಾಮೂ ಏರದೆ ಇಷ್ಟು ವ್ಯತ್ಯಾಸವಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಕಟ್ಟಕಡೆಯ ಮೂಲವೇತನದ ಮೇಲೆ. ಈ ಕರಾರಿನಲ್ಲಿ ಮೂಲವೇತನ ಏರಿತೆಂದರೆ ಹಿಂದಿನ ಆರೂ ವರ್ಷದ ಲೆಕ್ಕ ಒಟ್ಟಿಗೇ ಏರುತ್ತದೆ. ಈ ವರ್ಷ ಸೇರಿದವಳಿಗೆ ನೂರು ದಿರ್ಹಾಮ್ ಹೆಚ್ಚಾದರೆ ಅದು ಬರೀ ನೂರು. ನಿಮಗೆ ಅದರ ಬೆನ್ನಿಗೆ ಆರು ವರ್ಷದ ಸೇವೆಯಿದೆ. ಶಾಲೆಯ ಲೆಕ್ಕಿಗರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಎಷ್ಟೋ ಕಡೆ ಹೆಚ್ಚಳ ಕೊಟ್ಟರೂ ಭತ್ಯೆಗೆ ಸೇರಿಸಿ ಕೊಡುತ್ತಾರೆ. ಆದ್ದರಿಂದ ಅವರು “ಈ ವರ್ಷ ಹೆಚ್ಚಿಸಲು ಆಗುವುದಿಲ್ಲ” ಎಂದರೆ ಎದ್ದು ಬರಬೇಡಿ. “ಒಟ್ಟು ಮೊತ್ತ ಅಷ್ಟೇ ಇರಲಿ, ಭತ್ಯೆಯಿಂದ ಒಂದು ಸಾವಿರ ತೆಗೆದು ಮೂಲವೇತನಕ್ಕೆ ಹಾಕಿಕೊಡಿ” ಎಂದು ಕೇಳಿ.

ಹೊಸ ಕರಾರಿನಲ್ಲಿ ನಿಮ್ಮ ಸೇವೆ ಮೊದಲ ದಿನದಿಂದ ಮುಂದುವರಿದಿದೆ ಎಂಬ ಮಾತು ಇದೆಯೇ ಎಂದು ಓದಿ ನೋಡಿ. ಹಳೆಯದನ್ನು ಚುಕ್ತಾ ಮಾಡಿ ಮತ್ತೆ ಒಂದನೇ ವರ್ಷದಿಂದ ಎಣಿಸುವ ಕಾಗದವಾಗಿದ್ದರೆ 30 ದಿನದಿಂದ ತಿರುಗಿ 21ಕ್ಕೆ ಇಳಿಯುತ್ತೀರಿ. ಅಂಥದ್ದಕ್ಕೆ ಸಹಿ ಹಾಕಲೇಬೇಡಿ, ಲಿಖಿತ ವಿವರಣೆ ಕೇಳಿ.

ಕೇಳುವಾಗ ಕೈಯಲ್ಲಿ ಹಿಡಿಯಲು ಒಂದು ಆಧಾರವನ್ನೂ ಹೇಳುತ್ತೇನೆ. ದುಬೈನ ಖಾಸಗಿ ಶಾಲೆಗಳು ಶುಲ್ಕ ಎಷ್ಟು ಏರಿಸಬಹುದು ಎಂಬುದನ್ನು ಅಲ್ಲಿಯ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ, ಶೈಕ್ಷಣಿಕ ವೆಚ್ಚ ಸೂಚ್ಯಂಕದ ಮೇಲೆ ಗೊತ್ತುಮಾಡುತ್ತದೆ. ಆ ಸೂಚ್ಯಂಕ 2024-25ಕ್ಕೆ ಶೇ. 2.6, 2025-26ಕ್ಕೆ ಶೇ. 2.35 ಇತ್ತು. ಆ ಸೂಚ್ಯಂಕವನ್ನು ರೂಪಿಸುವಾಗ ಶಾಲೆಗಳ ಸಿಬ್ಬಂದಿ ಸಂಬಳದ ಖರ್ಚೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಶಾಲೆ ಈ ವರ್ಷಗಳಲ್ಲಿ ಶುಲ್ಕ ಏರಿಸಿದೆಯೇ ಎಂದು ವಿಚಾರಿಸಿ. ಏರಿಸಿದ್ದರೆ, ಶಿಕ್ಷಕರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದ ಹೆಚ್ಚಳದಲ್ಲಿ ಶಿಕ್ಷಕಿಯ ಪಾಲೆಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಇನ್ನು ಭಯದ ಮಾತು. ಕರಾರಿನ ಅವಧಿ ಮುಗಿದ ಮೇಲೂ ಇಬ್ಬರೂ ಹಾಗೇ ಮುಂದುವರಿದರೆ ಹಳೆಯ ಷರತ್ತಿನಲ್ಲೇ ಕರಾರು ಮುಂದುವರಿದಂತೆ ಎಂದು ಕಾನೂನು ಹೇಳುತ್ತದೆ. ಸುಮ್ಮನಿದ್ದರೆ ಆ 2,800 ಕೂಡ ಹಾಗೇ ಮುಂದುವರಿಯುತ್ತದೆ. ತಾನಾಗಿ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿ ಕತ್ತರಿಸುವ ಹಳೆಯ ಪದ್ಧತಿ ಹೊಸ ಕಾನೂನಿನಲ್ಲಿ ಇಲ್ಲ. ಕೆಲಸ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಕೊಡಬೇಕು. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ. ಇಷ್ಟು ತಿಳಿದುಕೊಂಡು ಹೋಗಿ ಕೂತರೆ ದನಿ ನಡುಗುವುದಿಲ್ಲ.

ಶಾಲಾ ಲೆಕ್ಕಪತ್ರ ವಿಭಾಗದಲ್ಲಿದ್ದವರು, ವಿನೋಬನಗರ, ಶಿವಮೊಗ್ಗ

*

ನಾನು ಜಪಾನಿನ ಸಣ್ಣ ಪಟ್ಟಣವೊಂದರ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕನಾಗಿದ್ದೆ. ಅಲ್ಲಿ ವಿದೇಶಿ ಶಿಕ್ಷಕರನ್ನು ಕರೆಸುವ ಜೆಟ್ ಎಂಬ ಸರ್ಕಾರಿ ಯೋಜನೆ 1987ರಿಂದ ನಡೆದಿದೆ. ಅದರಲ್ಲಿ ಬಂದವರಿಗೆ ಒಂದೊಂದು ವರ್ಷದ ಕರಾರು, ಹೆಚ್ಚೆಂದರೆ ಐದು ವರ್ಷ. ಯಾವ ವರ್ಷಕ್ಕೆ ಎಷ್ಟು ಸಂಬಳ ಎಂಬುದು ಸೇರುವ ಮೊದಲೇ ಗೊತ್ತಿರುತ್ತದೆ. ನಾನಿದ್ದಾಗ ಅವರಿಗೆ ಮೊದಲ ವರ್ಷ 33.6 ಲಕ್ಷ ಯೆನ್, ಎರಡನೇ ವರ್ಷ 36 ಲಕ್ಷ, ಮೂರನೇ ವರ್ಷ 39 ಲಕ್ಷ ಇತ್ತು. 2025ರ ಏಪ್ರಿಲ್‌ನಿಂದ ಮೊದಲ ವರ್ಷಕ್ಕೇ 40.2 ಲಕ್ಷ ಮಾಡಿದ್ದಾರೆ. ನಾನು ಸೇರಿದ್ದು ಮಧ್ಯವರ್ತಿ ಕಂಪನಿಯೊಂದರ ಮೂಲಕ. ಅದೇ ಶಾಲೆ, ಅದೇ ಮಕ್ಕಳು, ಅದೇ ಪುಸ್ತಕ. ಆದರೆ ನವೀಕರಣದ ಕಾಗದ ಪ್ರತಿ ಸಲವೂ ಹಳೆಯ ಅಂಕಿಯನ್ನೇ ಹೊತ್ತು ಬರುತ್ತಿತ್ತು, ಬೇಸಿಗೆ ರಜೆ ಬಂದರೆ ಆ ತಿಂಗಳ ಸಂಬಳಕ್ಕೆ ಕತ್ತರಿ. ಪಾಠ ಚೆನ್ನಾಗಿಲ್ಲವೆಂದು ಯಾರೂ ಹೇಳಿರಲಿಲ್ಲ. ನನ್ನ ಕರಾರಿನಲ್ಲಿ ಏರಿಕೆ ಎಂಬ ಸಾಲೇ ಇರಲಿಲ್ಲ, ಅಷ್ಟೇ.

ಹಾಗಾಗಿ ಈ ಸಲದ ಹೆಚ್ಚಳಕ್ಕಿಂತ ಎರಡನೇ ವರ್ಷದ ಹೆಚ್ಚಳವನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಎರಡು ವರ್ಷಕ್ಕೆ ಒಂದೇ ಅಂಕಿ ಬರೆದರೆ ನಡುವೆ ಬಾಗಿಲು ತಟ್ಟಲು ನಿಮಗೆ ಸಂದರ್ಭವೇ ಸಿಗುವುದಿಲ್ಲ. “ಒಂದನೇ ವರ್ಷ ಇಷ್ಟು, ಎರಡನೇ ವರ್ಷ ಇಷ್ಟು” ಎಂದು ಎರಡು ಸಾಲು ಕೇಳಿ. ಈ ವರ್ಷ ಕೈಬಿಗಿ ಇದೆ ಎನ್ನುವ ಶಾಲೆಗೂ ಮುಂದಿನ ವರ್ಷದ ಮಾತಿಗೆ ಒಪ್ಪುವುದು ಸುಲಭ.

ಹಿಂದೆ ಜಪಾನಿನಲ್ಲಿ ಕಲಿಸುತ್ತಿದ್ದವರು, ಹೊಸನಗರ

*

ಮಗಳೇ, ಪಕ್ಕದ ತರಗತಿಯ ಶಿಕ್ಷಕಿಯ ಸಂಬಳದ ಮಾತನ್ನು ಮನವಿಯಲ್ಲಿ ತರಬೇಡ. ಒಂದು ಖಾಸಗಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು, ಮೇಜಿನ ಆಚೆ ಬದಿಯಲ್ಲಿ ಕೂತು ಇಂಥ ಎಷ್ಟೋ ಅರ್ಜಿ ಓದಿದ್ದೇನೆ. ನಿನಗಾಗುತ್ತಿರುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರಮೂಲದ ಮೇಲೆ ಭೇದ ಮಾಡಬಾರದೆಂದು ಅಲ್ಲಿಯ ಕಾರ್ಮಿಕ ಕಾನೂನಿನಲ್ಲೇ ಇದೆಯಂತೆ. ಆದರೂ “ಅವಳಿಗೆ ಅಷ್ಟು, ನನಗೆ ಇಷ್ಟು” ಎಂದು ಬರೆದ ಕೂಡಲೇ ಆಡಳಿತದವರು ಆಕೆಯನ್ನು ದೂರದಿಂದ ಕರೆಸಿದ ಖರ್ಚು, ಆಕೆಯ ತರಬೇತಿ ಎಂದೆಲ್ಲ ವಿವರಣೆಗೆ ಇಳಿದುಬಿಡುತ್ತಾರೆ. ನಿನ್ನ ಕೆಲಸದ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನಿನ್ನ ಪತ್ರದಲ್ಲೇ ಒಂದು ಕಡೆ, ಓದಲು ತಡವರಿಸುತ್ತಿದ್ದ ಅರಬ್ ಮಕ್ಕಳ ಗುಂಪೊಂದನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿಕೊಂಡು ಓದಿಸಿದೆ ಎಂದು ಹಾದುಹೋಗುವಂತೆ ಬರೆದಿದ್ದೀಯ. ಆ ಮಾತು ಅರ್ಜಿಯ ಮೊದಲ ಸಾಲಾಗಬೇಕು. ಆ ಮಕ್ಕಳು ವರ್ಷದ ಮೊದಲು ಯಾವ ಮಟ್ಟದಲ್ಲಿದ್ದರು, ಈಗ ಎಲ್ಲಿದ್ದಾರೆ, ತಪಾಸಣೆಗೆ ಬಂದವರು ನಿನ್ನ ತರಗತಿ ನೋಡಿ ಏನು ಬರೆದರು, ಯಾರು ಗೈರಾದಾಗ ಯಾರ ಪಾಠ ನೀನು ತೆಗೆದುಕೊಂಡೆ, ಎಲ್ಲವನ್ನೂ ಒಂದೇ ಪುಟದಲ್ಲಿ ಬರೆ. ಕೊನೆಗೆ ಬೇಕಾದ ಮೂಲವೇತನದ ಅಂಕಿ ಹಾಕು. ‘ದಯವಿಟ್ಟು ಪರಿಗಣಿಸಿ’ ಎಂದು ಅಂಕಿಯಿಲ್ಲದೆ ಬಿಟ್ಟ ಅರ್ಜಿಗೆ ಉತ್ತರ ಕೊಡುವುದು ನಮಗೂ ಕಷ್ಟವಾಗುತ್ತಿತ್ತು. ಮತ್ತೆ, ಮುಂದಿನ ವರ್ಷಕ್ಕೆ ಇರುತ್ತೀರಾ ಎಂದು ಶಾಲೆಯವರು ಕೇಳುವ ಹೊತ್ತಿಗೇ ಅರ್ಜಿ ಕೊಡು. ಹೊಸಬರನ್ನು ಹುಡುಕಲು ಶುರುಮಾಡಿದ ಮೇಲೆ ನಿನ್ನ ಮಾತಿಗೆ ಅಷ್ಟು ತೂಕ ಇರುವುದಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಾಗರ

*

ಮೇಡಂ, ಊರಿಗೆ ಬಂದುಬಿಡಲೇ ಎಂದಿದ್ದೀರಿ. ಬನ್ನಿ, ಆದರೆ ಇಲ್ಲಿಯ ಸ್ಥಿತಿ ತಿಳಿದು ಬನ್ನಿ. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕ. ನಮ್ಮದೂ ವರ್ಷ ವರ್ಷ ನವೀಕರಣದ ಬದುಕೇ. ಕಾರ್ಯಭಾರ ಎಷ್ಟಿದೆ, ಈ ಸಲ ಯಾವ ಕಾಲೇಜು ಸಿಗುತ್ತದೆ ಎಂದು ಪ್ರತಿ ವರ್ಷ ಕಾಯುತ್ತೇವೆ. ಬೀದಿಗಿಳಿದು ಹೋರಾಡಿದ ಮೇಲೆ 2022ರಲ್ಲಿ ಗೌರವಧನ ಏರಿತು. ಯುಜಿಸಿ ಅರ್ಹತೆಯ ಜತೆ ಐದು ವರ್ಷ ಸೇವೆ ಮಾಡಿದವರಿಗೆ ಆಗ ಗೊತ್ತುಮಾಡಿದ್ದು ತಿಂಗಳಿಗೆ 32,000 ರೂಪಾಯಿ. ನೆಟ್, ಕೆ-ಸೆಟ್‌ನಂಥ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ ಇಲ್ಲದಿದ್ದರೆ ಕಾಲೇಜಿನ ದಾರಿ ಬಹಳ ಕಷ್ಟ. ಖಾಸಗಿ ಶಾಲೆ ಸೇರುವುದಾದರೆ ಸಂಬಳದ ಚೀಟಿ ಕೊಡುವ ಶಾಲೆಯನ್ನೇ ಆರಿಸಿ. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಆದರೆ ಚೀಟಿಯೇ ಇಲ್ಲದವರು ಅದನ್ನು ಕೇಳುವುದಾದರೂ ಹೇಗೆ?

ಇನ್ನೊಂದು ವಿಷಯ. ದಿರ್ಹಾಮನ್ನು 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ್ದಾರೆ. ರೂಪಾಯಿ ಇಳಿದ ಹಾಗೆಲ್ಲ ಮನೆಗೆ ಬರುವ ಹಣ ಹೆಚ್ಚಾದಂತೆ ಕಾಣುತ್ತದೆ, ಊರಲ್ಲಿ ಎಲ್ಲರೂ “ಅವಳ ಸಂಬಳ ಏರಿದೆ” ಎನ್ನುತ್ತಾರೆ. ನಮ್ಮಕ್ಕನ ಮನೆಯಲ್ಲೂ ಹೀಗೇ ಆಗಿತ್ತು. ಬಾಡಿಗೆ, ಬಸ್ಸು, ದಿನಸಿ ಎಲ್ಲಕ್ಕೂ ನೀವು ಕೊಡುವುದು ದಿರ್ಹಾಮನ್ನೇ ಅಲ್ಲವೇ? ಸಂಬಳ ನಿಂತಲ್ಲೇ ನಿಂತಿದೆ ಎಂದು ಅಪ್ಪಯ್ಯನವರಿಗೂ ತಿಳಿಸಿ ಹೇಳಿ.

ಅತಿಥಿ ಉಪನ್ಯಾಸಕ, ಶಿವಮೊಗ್ಗ

*

ನೀ ಬರೆದದ್ದರಲ್ಲಿ ಸಂಬಳದ ವಿಷಯ ನನಗೆ ತಿಳಿಯುವುದಿಲ್ಲ ಮಾರಾಯ್ತಿ, ತೋಟದ ವಿಷಯ ತಿಳಿಯುತ್ತದೆ. ನಮ್ಮ ತೋಟಕ್ಕೂ ಎಲೆಚುಕ್ಕೆ ಬಂದಿದೆ. ಮೊದಲು ಸೋಗೆಯ ಮೇಲೆ ಸಣ್ಣ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ಆಮೇಲೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಸೋಗೆ ಸುಟ್ಟ ಹಾಗೆ ಒಣಗುತ್ತದೆ. ಅದನ್ನು ಕಂಡಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನಿನ್ನ ಅಪ್ಪಯ್ಯನಿಗೂ ನನಗೂ ಗೊತ್ತು. ಆದರೆ ನೀನು ಬಂದು ಅಂಗಳದಲ್ಲಿ ನಿಂತ ಮಾತ್ರಕ್ಕೆ ಆ ರೋಗ ಹೋಗುವುದಿಲ್ಲ. ರೋಗ ಹಿಡಿದ ಸೋಗೆ ತೆಗೆದು ಸುಡಬೇಕು, ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಸಬೇಕು. ಗಾಳಿ ಮಳೆಯಲ್ಲಿ ಹರಡುವ ರೋಗವಾದ್ದರಿಂದ ಪಕ್ಕದ ತೋಟದವರೂ ಒಟ್ಟಿಗೇ ಮಾಡಿದರೆ ಮಾತ್ರ ಪ್ರಯೋಜನ. ಅದಕ್ಕೆ ಬೇಕಾದದ್ದು ಆಳು ಮತ್ತು ದುಡ್ಡು. ಈಗ ಮರ ಹತ್ತುವವರು ಸಿಗದಿದ್ದರೂ ಉದ್ದನೆಯ ಫೈಬರ್ ಕೋಲು, ದೋಟಿ ಅನ್ನುತ್ತೇವೆ, ಅದನ್ನು ಹಿಡಿದು ನೆಲದಿಂದಲೇ ಹೊಡೆಯುವ ಹುಡುಗರು ಇದ್ದಾರೆ. ಅವರಿಗೆ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಂಡರೆ ಆಯಿತು. ಸುಲಿಸಿ ಬೇಯಿಸುವ ಹೊರೆ ಅಪ್ಪಯ್ಯನಿಗೆ ಹೆಚ್ಚಾದರೆ ಒಂದೆರಡು ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡಲಿ. ನಾಲ್ಕು ಕಾಸು ಕಡಿಮೆ ಬಂದೀತು, ಜೀವಕ್ಕೆ ಆರಾಮ.

ಒಂದು ಮಾತು ಕೇಳುತ್ತೇನೆ. ಬಾ ಎಂದು ಅಪ್ಪಯ್ಯನೇ ಹೇಳಿದರೋ, ಅಥವಾ ಅವರು ಒಬ್ಬರೇ ಇದ್ದಾರೆ ಎಂದು ನೀನೇ ಅಂದುಕೊಂಡೆಯೋ? ನಿನ್ನ ಪತ್ರದಲ್ಲಿ ಅದು ಇಲ್ಲ. ನಮ್ಮ ಕಡೆಯ ಗಂಡಸರು ಫೋನಿನಲ್ಲಿ ಮನಸ್ಸು ಬಿಚ್ಚುವುದಿಲ್ಲ, ಮಳೆ ಎಷ್ಟು ಬಂತು ಎಂದು ಹೇಳಿ ಇಟ್ಟುಬಿಡುತ್ತಾರೆ. ರಜೆಯಲ್ಲಿ ಬಂದಾಗ ಅವರೊಟ್ಟಿಗೆ ತೋಟಕ್ಕೆ ಹೋಗು, ಅಲ್ಲಿ ಕೇಳು. ಅವರು ಬಾ ಎಂದರೆ ಆಗ ಯಾವ ಲೆಕ್ಕವೂ ಬೇಡ. ಇಲ್ಲದಿದ್ದರೆ ಇನ್ನೆರಡು ವರ್ಷ ಇದ್ದು ಬಾ, ಸಂಬಳದ ಬಗ್ಗೆ ಕೇಳುವುದನ್ನು ಕೇಳಿಯೇ ಇರು. ದೋಟಿ ಹುಡುಗರ ಫೋನ್ ನಂಬರ್ ಬೇಕಾದರೆ ಪತ್ರಿಕೆಯವರ ಹತ್ತಿರ ಕೊಟ್ಟಿರುತ್ತೇನೆ. ಮಳೆಗಾಲಕ್ಕೆ ಮೊದಲು ಅವರಿಗೆ ಬಿಡುವಿರುವುದಿಲ್ಲ, ಬೇಗ ಹೇಳು.

ಅಡಕೆ ಬೆಳೆಗಾರ್ತಿ, ಕೊಪ್ಪ ತಾಲ್ಲೂಕು