'ಎ ಮಾಡೆಸ್ಟ್ ಪ್ರಪೋಸಲ್': 'ಇದು ವಿಡಂಬನೆ' ಅಂದಮ್ಯಾಲೆ ಮುಂದೇನು ಬರೀಲಿ?

ಮುಳಗುಂದ_ನಾಕಾ:
ನಮಸ್ಕಾರ್ರಿ. ಊರು ಗದಗ, ಧಾರವಾಡದಾಗ ರೂಮ್ ಮಾಡಿ ಬಿ.ಎ. ಓದಾಕತ್ತೀನಿ, ಇಂಗ್ಲಿಷ್ ಆಪ್ಶನಲ್. ಸೋಮವಾರ ಟೆಸ್ಟ್. ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್‌ನ ಈ ಪ್ರಬಂಧದ ಮ್ಯಾಲೆ ಎರಡು ಪುಟ ಬರೀಬೇಕು. ವಿಷಯ ಗೊತ್ತೈತಿ: ಐರ್ಲೆಂಡಿನ ಬಡವರು ತಮ್ಮ ವರ್ಷದ ಕೂಸುಗಳನ್ನ ಶ್ರೀಮಂತರ ಊಟಕ್ಕ ಮಾರಲಿ ಅಂತೈತಿ. ಓದಿ ನಮ್ಮ ರೂಮ್‌ಮೇಟ್ ಆವತ್ತು ಖಾನಾವಳಿಗೇ ಬರಲಿಲ್ಲ. ಆದ್ರ 'ವಿಡಂಬನೆ' ಅಂತ ಒಂದು ಸಾಲು ಬರದಮ್ಯಾಲೆ ಉಳಿದದ್ದು ಹೆಂಗ ತುಂಬಸ್ಲಿ? ಗೈಡಿನಾಗ ಬರೇ ಸ್ವಿಫ್ಟ್‌ನ ಜೀವನಚರಿತ್ರೆ ಐತಿ.

ಹಾನಗಲ್_ಹುಡುಗಿ:
1729ರಾಗ ಬಂದದ್ದು, ಮೊದಲು ಲೇಖಕನ ಹೆಸರಿಲ್ಲದ ಛಾಪಾದದ್ದು ಅಂತ ಬರೀರಿ. ಬಡವರು ಹಡಿಯೂದು ಜಾಸ್ತಿ ಆತು ಅಂತ ಸ್ವಿಫ್ಟ್‌ಗ ಸಿಟ್ಟು. ಅಷ್ಟ.

ಸಾಧನಕೇರಿ_ಅಕ್ಕ:
ತಂಗೀ, ಇಸವಿ ಖರೆ, ಸಿಟ್ಟು ಯಾರ ಮ್ಯಾಲೆ ಅನ್ನೋದು ತಪ್ಪದ. ಬಡವರನ್ನ ಹಂಗ ನೋಡಾಂವ ಸ್ವಿಫ್ಟ್ ಅಲ್ಲ, ಅವನು ಮುಂದ ನಿಲ್ಲಿಸಿದ ಲೆಕ್ಕದ ಮನಷ್ಯಾ. ತಮ್ಮಾ, ನಿನ್ನ ಎರಡು ಪುಟ ಅಲ್ಲೇ ಅವ. ಮಾತಾಡಾಂವ ಬ್ಯಾರೆ, ಬರದಾಂವ ಬ್ಯಾರೆ. ಇದನ್ನ ಮೊದಲನೇ ಪ್ಯಾರಾದಾಗೇ ಹೇಳಿಬಿಡು, ಆಮ್ಯಾಲೆ ಪುರಾವೆ ಕೊಡತಾ ಹೋಗು.

ಆ ಮನಷ್ಯಾನ ಲೆಕ್ಕ ನೋಡು: 1,20,000 ಕೂಸು, ಅದರಾಗ 20,000 ತಳಿ ಬೆಳಸ್ಲಿಕ್ಕೆ, ಉಳಿದವು ಮಾರ್ಲಿಕ್ಕೆ. ಹುಟ್ಟಿದಾಗ 12 ಪೌಂಡ್ ತೂಕ, ವರ್ಷ ತುಂಬೋದ್ರಾಗ 28. ಸಾಕೋ ಖರ್ಚು 2 ಶಿಲ್ಲಿಂಗ್, ಮಾರಿದ್ರ 10, ತಾಯಿಗೆ 8 ನಿವ್ವಳ ಲಾಭ. ಬ್ಯಾಡಗಿ ಮಾರ್ಕೆಟ್ಟಿನಾಗ ಮೆಣಸಿನಕಾಯಿ ದರ ಹೇಳಿದಂಗ ಹೇಳತಾನ, ಧ್ವನಿ ಎಲ್ಲೂ ಏರೂದಿಲ್ಲ. ನಿನ್ನ ರೂಮ್‌ಮೇಟ್‌ಗ ಹೊಟ್ಟಿ ತೊಳಸಿದ್ದು ಕೂಸು ತಿನ್ನೋ ಮಾತಿಗಿಂತ ಈ ತಣ್ಣನೆ ಲೆಕ್ಕಕ್ಕ ಅಂತ ನಾ ಅಂತೀನಿ.

ತಾಯಂದಿರಿಗೆ 'ಬ್ರೀಡರ್ಸ್' ಅಂತಾನ. ಕೂಸು ತನ್ನ 'ಡ್ಯಾಮ್'ನಿಂದ, ಅಂದ್ರ ಮರಿ ಹಾಕಿದ ತಾಯಿಪ್ರಾಣಿಯಿಂದ, ಬಿತ್ತು ಅಂತಾನ. ದನ-ಕುದುರಿಗೆ ಆಡೋ ಮಾತು. ವೊಕ್ಯಾಬುಲರಿ ಪಟ್ಟಿ ಉರು ಹೊಡಿಯೋ ಬದಲು ಈ ಎರಡು ಶಬ್ದದ ಮ್ಯಾಲೆ ನಾಲ್ಕು ಸಾಲು ಬರಿ.

ನಡುವ ಒಂದು ಕಡೆ ಮುಸುಕು ಸರೀತದ: ಈ ತಿನಿಸು ಜಮೀನ್ದಾರರಿಗೇ ಒಪ್ಪತದ, ತಂದಿ-ತಾಯಿನ್ನ ಆಗಲೇ ತಿಂದಾರಲ್ಲ, ಅಂತಾನ. ಕಡೀಕ 'ಬ್ಯಾರೆ ಉಪಾಯ ನನ್ನ ಮುಂದ ಹೇಳಬ್ಯಾಡ್ರಿ' ಅಂತ ಒಂದು ಪಟ್ಟಿ: ದೇಶ ಬಿಟ್ಟು ಹೊರಗ ಕುಂತವರಿಗೆ ತೆರಿಗಿ ಹಾಕೂದು, ನಮ್ಮಲ್ಲೇ ತಯಾರಾದ ಬಟ್ಟಿ ಉಡೂದು, ಗೇಣಿದಾರರ ಮ್ಯಾಲೆ ಸ್ವಲ್ಪ ಕರುಣಾ ಇಡೂದು. ಸ್ವಿಫ್ಟ್ ಖರೇನ ಕೇಳಿದ್ದು ಇವನ್ನ. ಐರಿಷ್ ಬಟ್ಟಿ ಬಳಸ್ರಿ ಅಂತ 1720ರಾಗೇ ಕರಪತ್ರ ಬರದಿದ್ದ, ಯಾರು ಕೇಳಬೇಕು!

ಮುಳಗುಂದ_ನಾಕಾ:
ಅಕ್ಕಾರ, ಮೊದಲ ಸಾಲು ಹಿಂಗ ಇಡ್ಲ್ಯಾ? "ಮಹಾನ್ ಲೇಖಕ ಸ್ವಿಫ್ಟ್ ಈ ಅದ್ಭುತ ಕೃತಿಯಲ್ಲಿ ಲೆಕ್ಕದ ಭಾಷೆ ಆಡುವ ಒಬ್ಬನನ್ನು ನಿಲ್ಲಿಸಿ, ಬಡವರನ್ನು ಸರಕಿನಂತೆ ಕಾಣುವವರನ್ನು ಬಯಲಿಗೆಳೆಯುತ್ತಾನೆ." ಇಂಗ್ಲಿಷಿಗೆ ಆಮ್ಯಾಲೆ ತರತೀನಿ.

ಸಾಧನಕೇರಿ_ಅಕ್ಕ:
'ಮಹಾನ್', 'ಅದ್ಭುತ' ಎರಡೂ ಹೊಡದುಹಾಕು, ಉಳಿದದ್ದು ಛಲೋ ಅದ. ಆದ್ರ ಈಗಿಂದನ ಇಂಗ್ಲಿಷಿನಾಗೇ ಬರಿ, ತರ್ಜುಮೆ ಮಾಡ್ಲಿಕ್ಕೆ ಟೆಸ್ಟಿನಾಗ ಟೈಮ್ ಸಿಗೂದಿಲ್ಲ. ಕೃತಿ ಬಗ್ಗೆ ಹೇಳೋವಾಗ ಪ್ರೆಸೆಂಟ್ ಟೆನ್ಸ್. ಕೊಟೇಶನ್ ಒಂದು ಸಾಲಾದ್ರ ಅದರ ಕೆಳಗ ನಿನ್ನವು ಎರಡು ಸಾಲು ಬೇಕು.

ಹಾನಗಲ್_ಹುಡುಗಿ:
ಅಕ್ಕಾರ, ಆ ಜಮೀನ್ದಾರರ ಸಾಲು ಎಷ್ಟನೇ ಪ್ಯಾರಾದಾಗ ಐತ್ರಿ? ನಂಗೂ ಸೋಮವಾರನ ಟೆಸ್ಟ್.

ಸಾಧನಕೇರಿ_ಅಕ್ಕ:
ಪೂರಾ ಓದವಾ, ಉದ್ದ ಇಲ್ಲ. ಸಿಗತದ.