ಸ್ವತಂತ್ರವಾಗಿ ದುಡಿದ ಮೂರು ವರ್ಷಗಳಿಗೆ ರಿಲೀವಿಂಗ್ ಲೆಟರ್ ಎಲ್ಲಿಂದ ತರಲಿ?

ವಾಕಡ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು, ಒಂಬತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. 2021ರ ಜೂನ್‌ನಲ್ಲಿ ನೌಕರಿ ಬಿಟ್ಟ ಮೇಲೆ, 2024ರ ಡಿಸೆಂಬರ್‌ವರೆಗೆ ನನ್ನದೇ ಹೆಸರಿನಲ್ಲಿ ಇನ್ವಾಯ್ಸ್ ಕೊಟ್ಟು ಮೂರು ಕ್ಲೈಂಟ್‌ಗಳಿಗೆ ದುಡಿದೆ. ನಡುವೆ 2022ರಲ್ಲಿ ತಂದೆಯವರ ಶಸ್ತ್ರಚಿಕಿತ್ಸೆಗಾಗಿ ಊರಿಗೆ ಹೋಗಿ ನಾಲ್ಕು ತಿಂಗಳು ಯಾವ ಕೆಲಸವನ್ನೂ ಹಿಡಿದಿರಲಿಲ್ಲ.

ಈಗ ಒಬ್ಬ ರಿಕ್ರೂಟರ್ ಮೂಲಕ ಹಿಂಜವಡಿಯಲ್ಲಿ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿದೆ. ಆದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ (ಹಿಂದಿನ ಕೆಲಸದ ವಿವರಗಳ ತಪಾಸಣೆ) ಮಾಡುವ ಏಜೆನ್ಸಿಯವರು ಆ ಮೂರೂವರೆ ವರ್ಷಗಳಿಗೆ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಮತ್ತು ಎಚ್‌ಆರ್ ಇಮೇಲ್ ಕೇಳುತ್ತಿದ್ದಾರೆ. ನನ್ನ ಬಳಿ ಇವು ಯಾವುವೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಮೂವರಲ್ಲಿ ಒಂದು ಕಂಪನಿ ಮುಚ್ಚಿಹೋಗಿದೆ, ಇನ್ನೊಂದರ ಜೊತೆ ಎನ್‌ಡಿಎ (ಗೋಪ್ಯತೆಯ ಒಪ್ಪಂದ) ಇದೆ. ರಿಕ್ರೂಟರ್ ಅವರೋ, ತಮಗೆ ಗೊತ್ತಿರುವ ಒಂದು ಕನ್ಸಲ್ಟೆನ್ಸಿಯಿಂದ ಅನುಭವ ಪತ್ರ ಕೊಡಿಸುವುದಾಗಿಯೂ ಅದನ್ನೇ ತೋರಿಸಿದರೆ ಎಲ್ಲವೂ ಸುಲಭವಾಗುವುದೆಂದೂ ಹೇಳುತ್ತಿದ್ದಾರೆ. ಸುಳ್ಳು ಪತ್ರಕ್ಕೆ ಮನಸ್ಸು ಒಪ್ಪುತ್ತಿಲ್ಲ, ಕೆಲಸ ಕೈತಪ್ಪೀತೆಂಬ ಭಯವೂ ಇದೆ. ಅನುಭವ ಇರುವವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಕೋಥ್ರೂಡ್ ಕನ್ನಡಿಗ:

ಆ ಪತ್ರವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಅದು ತಪ್ಪು ಎಂಬುದು ನಿಮಗೇ ಗೊತ್ತಿದೆ, ಅದು ನಿಲ್ಲುವುದೂ ಇಲ್ಲ. ನಿಮ್ಮ ಕ್ಲೈಂಟ್‌ಗಳು ಹಣ ಕೊಡುವಾಗ ಮೂಲದಲ್ಲೇ ತೆರಿಗೆ, ಅಂದರೆ ಟಿಡಿಎಸ್, ಕಡಿತ ಮಾಡಿದ್ದರೆ ಅದು ಆ ವರ್ಷಗಳ 26ಎಎಸ್ ಎಂಬ ತೆರಿಗೆ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಸೆಕ್ಷನ್ 194ಜೆ ಅಡಿಯಲ್ಲಿ, ಅಂದರೆ ವೃತ್ತಿಪರ ಅಥವಾ ತಾಂತ್ರಿಕ ಸೇವೆಯ ಶುಲ್ಕವಾಗಿ, ದಾಖಲಾಗಿರುತ್ತದೆ. ಸಂಬಳದ ಮೇಲಿನ ಕಡಿತವಾದರೆ ಅಲ್ಲಿ ಸೆಕ್ಷನ್ 192 ಎಂದಿರುತ್ತಿತ್ತು. ಕನ್ಸಲ್ಟೆನ್ಸಿಯ ನೌಕರಳು ಎಂದು ಪತ್ರ ಕೊಟ್ಟು, ಆ ಅವಧಿಗೆ 192ರ ಒಂದು ಸಾಲೂ ಇಲ್ಲದ 26ಎಎಸ್ ಮತ್ತು ಪಿಎಫ್ ಕಂತೇ ಕಾಣದ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಚರಿತ್ರೆ ಮುಂದಿಟ್ಟರೆ, ತಪಾಸಣೆ ಮಾಡುವವರಿಗೆ ಐದು ನಿಮಿಷವೂ ಬೇಕಾಗುವುದಿಲ್ಲ.

ನಾನು ಹನ್ನೆರಡು ವರ್ಷಗಳಿಂದ ಹೀಗೆಯೇ ದುಡಿಯುತ್ತಿದ್ದೇನೆ. ಮೊದಲ ಬಾರಿ ನಾನೂ ಫಾರ್ಮಿನ ಖಾನೆಗಳಿಗೆ ಹೆದರಿ, ಕ್ಲೈಂಟ್ ಕಂಪನಿಯ ಹೆಸರನ್ನೇ ಉದ್ಯೋಗದಾತ ಎಂದು ತುಂಬಿದ್ದೆ. ಅವರ ಎಚ್‌ಆರ್ ವಿಭಾಗಕ್ಕೆ ಕರೆ ಹೋದಾಗ, ಆ ಹೆಸರಿನ ನೌಕರ ನಮ್ಮಲ್ಲಿ ಇರಲೇ ಇಲ್ಲ ಎಂಬ ಉತ್ತರ ಬಂತು. ಅವರು ಹೇಳಿದ್ದು ನಿಜವೇ. ನನ್ನ ಇನ್ವಾಯ್ಸ್‌ಗಳು ಅವರ ಅಕೌಂಟ್ಸ್ ವಿಭಾಗದಲ್ಲಿದ್ದವು, ಎಚ್‌ಆರ್ ಕಡತದಲ್ಲಿ ಅಲ್ಲ. ಆ ಕೆಲಸ ನನಗೆ ಸಿಗಲಿಲ್ಲ. ಅಂದಿನಿಂದ ಉದ್ಯೋಗದಾತ ಎಂಬಲ್ಲಿ "ಸ್ವಯಂ ಉದ್ಯೋಗ" ಎಂದು ಬರೆದು, ಕ್ಲೈಂಟ್‌ಗಳನ್ನು ಅದರ ಕೆಳಗೆ ಬೇರೆಯಾಗಿ ನಮೂದಿಸುತ್ತೇನೆ. ಹೀಗೆ ಬರೆದರೆ ನಿಮ್ಮ ನಾಲ್ಕು ತಿಂಗಳಿನ ವಿಷಯವೂ ಸರಳವಾಗುತ್ತದೆ. ಸ್ವಯಂ ಉದ್ಯೋಗದ ಅವಧಿ 2021ರ ಜೂನ್‌ನಿಂದ 2024ರ ಡಿಸೆಂಬರ್. ಅದರೊಳಗೆ ಇಂತಿಂಥ ತಿಂಗಳು ಕುಟುಂಬದ ಕಾರಣಕ್ಕೆ ಕೆಲಸ ತೆಗೆದುಕೊಂಡಿರಲಿಲ್ಲ ಎಂದು ಒಂದು ಸಾಲು ಬರೆಯಿರಿ, ಸಾಕು.

ಪಡತಾಳ:

ಖರಾಡಿಯಲ್ಲಿ ಇಂಥದೇ ಒಂದು ತಪಾಸಣೆ ಏಜೆನ್ಸಿಯಲ್ಲಿ ಆರು ವರ್ಷ ಕೆಲಸ ಮಾಡಿದವನಾದ್ದರಿಂದ ಮೇಜಿನ ಆಚೆ ಬದಿಯ ಮಾತನ್ನು ಹೇಳುತ್ತೇನೆ. ನಿಮಗೆ ಬಂದಿರುವ ಪಟ್ಟಿ ನಿಮ್ಮ ಮೇಲಿನ ಸಂಶಯದಿಂದ ಹುಟ್ಟಿದ್ದಲ್ಲ, ಅದು ಎಲ್ಲರಿಗೂ ಹೋಗುವ ಸಿದ್ಧ ಪಟ್ಟಿ. ದಾಖಲೆ ಸಾಲದು ಎಂದು ಏಜೆನ್ಸಿ ಬರೆಯುವುದಕ್ಕೂ ಮಾಹಿತಿ ತಾಳೆಯಾಗಲಿಲ್ಲ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಬದಲಿ ದಾಖಲೆ ಕೊಟ್ಟರೆ ಕಡತ ಮುಂದೆ ಹೋಗುತ್ತದೆ. ಎರಡನೆಯದು ವರದಿಯಲ್ಲಿ ಕೆಂಪು ಬಣ್ಣದಲ್ಲಿ ಬಂದರೆ, ಅದನ್ನು ಒಪ್ಪುವುದೋ ಬಿಡುವುದೋ ಎಂಬುದು ಕಂಪನಿಯ ನಿರ್ಧಾರ.

ನಾನು ಕಂಡ ಕೆಂಪು ವರದಿಗಳಲ್ಲಿ ಎಷ್ಟೋ ಬಾರಿ ಅಭ್ಯರ್ಥಿಯ ತಪ್ಪೇ ಇರುತ್ತಿರಲಿಲ್ಲ. ಕೆಲಸ ಕೊಡುವ ಕಂಪನಿಗೆ ತಲುಪಿದ ರೆಸ್ಯೂಮೆ ಅಭ್ಯರ್ಥಿ ಬರೆದದ್ದಾಗಿರುತ್ತಿರಲಿಲ್ಲ. ನಡುವಿನ ರಿಕ್ರೂಟರ್ ತಿಂಗಳುಗಳನ್ನು ಹಿಂದೆಮುಂದೆ ಮಾಡಿ, ಖಾಲಿ ಅವಧಿಯನ್ನು ಮುಚ್ಚಿ ಕಳುಹಿಸಿರುತ್ತಿದ್ದರು. ಅಭ್ಯರ್ಥಿ ತಪಾಸಣೆಯ ಫಾರ್ಮಿನಲ್ಲಿ ಸತ್ಯ ಬರೆದಾಗ ಎರಡಕ್ಕೂ ತಾಳೆಯಾಗದೆ, ಸತ್ಯ ಬರೆದವರೇ ಸುಳ್ಳು ಹೇಳಿದಂತೆ ಕಾಣುತ್ತಿತ್ತು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಸುಳ್ಳು ಪತ್ರದ ಸಲಹೆ ಕೊಡುವ ರಿಕ್ರೂಟರ್ ನಿಮ್ಮ ರೆಸ್ಯೂಮೆಯನ್ನು ಮುಟ್ಟದೆ ಬಿಟ್ಟಿದ್ದಾರೆಂದು ನಾನು ನಂಬುವುದಿಲ್ಲ. ಆದ್ದರಿಂದ ಇಂದೇ ಅವರಿಗೆ ಇಮೇಲ್ ಬರೆದು, ಆ ಕಂಪನಿಗೆ ಕಳುಹಿಸಿದ ಪ್ರತಿಯನ್ನು ತರಿಸಿಕೊಳ್ಳಿ. ಬದಲಾವಣೆ ಕಂಡರೆ, ಸರಿಯಾದ ಪ್ರತಿಯನ್ನು ರಿಕ್ರೂಟರ್‌ಗೂ ತಪಾಸಣೆ ಏಜೆನ್ಸಿಗೂ ಒಂದೇ ಇಮೇಲ್‌ನಲ್ಲಿ ಕಳುಹಿಸಿ. ಫೋನಿನಲ್ಲಿ ಮಾತ್ರ ಹೇಳಿ ಬಿಡಬೇಡಿ.

ಮುಚ್ಚಿದ ಕಂಪನಿಯ ಬಗ್ಗೆ ಚಿಂತೆ ಬೇಡ. ಅದು ನೋಂದಾಯಿತ ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಸ್ಥಿತಿ ಸಿಗುತ್ತದೆ; ಆ ಪುಟದ ಜೊತೆ ನಿಮ್ಮ ಒಪ್ಪಂದ ಮತ್ತು ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲುಗಳನ್ನು ಕೊಡಿ. ಎನ್‌ಡಿಎ ಇರುವ ಕಡೆ ಮಾತ್ರ ಆ ಷರತ್ತನ್ನು ಇನ್ನೊಮ್ಮೆ ಓದಿ. ಕೆಲವು ಒಪ್ಪಂದಗಳು ಕೆಲಸದ ವಿವರವನ್ನಷ್ಟೇ ಗುಟ್ಟಾಗಿಡಲು ಹೇಳುತ್ತವೆ, ಕೆಲವು ಕ್ಲೈಂಟ್‌ನ ಹೆಸರನ್ನೂ ಹೇಳಬಾರದೆನ್ನುತ್ತವೆ. ಎರಡನೆಯ ಬಗೆಯದಾದರೆ, ನಿಮ್ಮೊಡನೆ ಕೆಲಸ ಮಾಡಿದ ಮ್ಯಾನೇಜರ್ ಅವರಿಗೆ ಬರೆದು, ಅವಧಿಯನ್ನು ಮಾತ್ರ ದೃಢಪಡಿಸಲು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ದಾಖಲೆಗಳಲ್ಲಿ ಕ್ಲೈಂಟ್‌ನ ಹೆಸರಿನ ಮೇಲೆ ಕಪ್ಪು ಗೆರೆ ಎಳೆದು ಕಾರಣ ಬರೆಯಿರಿ.

ಲೆಕ್ಕಿಗ, ಡೊಂಬಿವಲಿ:

ಮೇಲಿನವರ ಮಾತಿಗೆ ಕೆಲವನ್ನು ಸೇರಿಸುತ್ತೇನೆ. 26ಎಎಸ್‌ನಲ್ಲಿ ಕಾಣುವುದು ಹಣ ಪಾವತಿಯಾದ ಅಥವಾ ಖಾತೆಗೆ ಬರೆದ ದಿನಾಂಕ, ನೀವು ಕೆಲಸ ಮಾಡಿದ ತಿಂಗಳಲ್ಲ. ಮಾರ್ಚ್‌ನ ಕೆಲಸ ಮುಂದಿನ ಆರ್ಥಿಕ ವರ್ಷದಲ್ಲಿ ಕಾಣಿಸಿಕೊಳ್ಳಬಹುದು. ಅಲ್ಲದೆ ಆ ವರ್ಷಗಳಲ್ಲಿ ಒಬ್ಬ ಕ್ಲೈಂಟ್ ವರ್ಷಕ್ಕೆ ಕೊಟ್ಟ ಮೊತ್ತ 30,000 ರೂಪಾಯಿ ಮೀರದಿದ್ದರೆ 194ಜೆ ಕಡಿತವೇ ಕಡ್ಡಾಯವಿರಲಿಲ್ಲ, ಹಾಗಾಗಿ ಸಣ್ಣ ಕೆಲಸಗಳು ಅಲ್ಲಿ ಸಿಗದಿರಬಹುದು. ಇನ್ವಾಯ್ಸ್ ಸಂಖ್ಯೆ, ಕೆಲಸದ ಅವಧಿ, ಹಣ ಬಂದ ದಿನ ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದು ಮೇಲೆ ಇಟ್ಟರೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಕ್ಲೈಂಟ್‌ಗಳಿಂದ ಬಂದ ಫಾರ್ಮ್ 16ಎ (ತೆರಿಗೆ ಕಡಿತದ ಪ್ರಮಾಣಪತ್ರ) ಇದ್ದರೆ ಅದೇ ಅತ್ಯುತ್ತಮ ಸಾಕ್ಷಿ, ಏಕೆಂದರೆ ಅದನ್ನು ಕೊಟ್ಟವರು ನೀವಲ್ಲ.

ಮಹಾರಾಷ್ಟ್ರದಲ್ಲಿ ಸ್ವಂತ ವೃತ್ತಿಯವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟುತ್ತಾರೆ. ನೀವು ಕಟ್ಟಿದ್ದರೆ ಆ ಚಲನ್‌ಗಳನ್ನೂ, ಶಾಪ್ ಆಕ್ಟ್ (ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ) ರಸೀದಿ ಅಥವಾ ಜಿಎಸ್‌ಟಿ ನೋಂದಣಿ ಪತ್ರ ಇದ್ದರೆ ಅವುಗಳನ್ನೂ ಸೇರಿಸಿ. ಆದಾಯ ತೆರಿಗೆ ಜಾಲತಾಣದ ಪಾಸ್‌ವರ್ಡ್ ಮತ್ತು ಓಟಿಪಿಯನ್ನು ಯಾರೇ ಕೇಳಿದರೂ ಕೊಡಬೇಡಿ. ಪಿಡಿಎಫ್ ಅನ್ನು ನೀವೇ ಇಳಿಸಿ ಕಳುಹಿಸಿ. ಮೊತ್ತಗಳನ್ನು ಮುಚ್ಚಬಹುದೇ ಎಂದು ಮೊದಲೇ ಕೇಳಿ. ಆಧಾರ್ ಕೊಡಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಾಕೇ ಎಂದೂ ವಿಚಾರಿಸಿ.

ವಾಕಡ್ ನಿವಾಸಿ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ರೆಸ್ಯೂಮೆಯ ಪ್ರತಿ ತರಿಸಿಕೊಂಡೆ. ನಿಜವಾಗಿಯೂ 2022ರ ಆ ನಾಲ್ಕು ತಿಂಗಳನ್ನು ಹಿಂದಿನ ಕ್ಲೈಂಟ್‌ನ ಅವಧಿಗೆ ಸೇರಿಸಿಬಿಟ್ಟಿದ್ದರು. ಸರಿಯಾದ ಪ್ರತಿಯನ್ನು ಇಬ್ಬರಿಗೂ ಕಳುಹಿಸಿ, ಅನುಭವ ಪತ್ರ ಬೇಡವೆಂದು ಬರವಣಿಗೆಯಲ್ಲೇ ತಿಳಿಸಿದ್ದೇನೆ. ಏಜೆನ್ಸಿಯವರು ಸ್ವಯಂ ಉದ್ಯೋಗದವರಿಗೆ ಬೇರೆಯೇ ಫಾರ್ಮ್ ಇದೆ ಎಂದು ಹೇಳಿ ಅದನ್ನು ಕಳುಹಿಸಿದರು. ಎರಡು ಕ್ಲೈಂಟ್‌ಗಳ 16ಎ ಸಿಕ್ಕಿದೆ. ಮೂರನೆಯವರ ಮ್ಯಾನೇಜರ್ ಅವರ ಉತ್ತರಕ್ಕಾಗಿ ಕಾಯುತ್ತಿದ್ದೇನೆ, ಏಜೆನ್ಸಿ ಸೋಮವಾರದವರೆಗೆ ಸಮಯ ಕೊಟ್ಟಿದೆ.